ಡಬ್ ಕೇಳುವ ಬಗೆ: ಲೀ ಪೆರಿಯ ಜೊತೆ

ಡಬ್ ಸಂಗೀತಕ್ಕೆ ಹೊಸದಾಗಿ ಕಿವಿಗೊಟ್ಟವರು ಮೊದಲು ಹಾಡುಗಾರನನ್ನು ಹುಡುಕುತ್ತಾರೆ. ಹುಡುಕಬೇಡಿ. ಹಾಡು ಆಗಲೇ ಮುಗಿದಿದೆ. ಅದರ ಟೇಪನ್ನು ಮುಂದಿಟ್ಟುಕೊಂಡು ಇನ್ನೊಬ್ಬ ನುಡಿಸುತ್ತಿದ್ದಾನೆ. ಅವನ ವಾದ್ಯ ಮಿಕ್ಸಿಂಗ್ ಬೋರ್ಡು. ಹೀಗೆ ನುಡಿಸಿದ ಕಿಂಗ್ ಟಬ್ಬಿಯ ಶುದ್ಧ, ಚೂಪಾದ ಕೈಚಳಕಕ್ಕೆ ತಲೆಬಾಗುತ್ತೇನೆ. ಆದರೂ ನನ್ನ ಮನಸ್ಸು ಹೋಗುವುದು ಜಮೈಕಾದ ಲೀ ‘ಸ್ಕ್ರ್ಯಾಚ್’ ಪೆರಿಯ ಕಡೆಗೇ.

1936ರಲ್ಲಿ ಹುಟ್ಟಿದ ಪೆರಿ, ನಿರ್ಮಾಪಕ ಕಾಕ್ಸನ್ ಡಾಡ್‌ನ ಬಳಿ ಪಳಗಿದವನು. 1968ರ ‘ಪೀಪಲ್ ಫನಿ ಬಾಯ್’ ಹಾಡಿನಲ್ಲಿ ಮಗುವಿನ ಅಳುವನ್ನೇ ಸೇರಿಸಿದ. ಬಾಬ್ ಮಾರ್ಲಿ ಇದ್ದ ವೇಲರ್ಸ್ ತಂಡದ ‘ಸೋಲ್ ರೆಬೆಲ್ಸ್’ (1970) ರೂಪಿಸಿದ್ದೂ ಅವನೇ. 1973ರಲ್ಲಿ ಕಿಂಗ್‌ಸ್ಟನ್ನಿನ ತನ್ನ ಮನೆಯ ಹಿತ್ತಲಲ್ಲಿ ‘ಬ್ಲ್ಯಾಕ್ ಆರ್ಕ್’ ಸ್ಟುಡಿಯೋ ಕಟ್ಟಿಕೊಂಡ.

ಅಲ್ಲಿದ್ದದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರ. ನಾಲ್ಕೂ ತುಂಬಿದರೆ ಅವನ್ನು ಒಂದೆರಡಕ್ಕೆ ಇಳಿಸಿ, ತೆರವಾದ ಜಾಗದಲ್ಲಿ ಮತ್ತೆ ಧ್ವನಿ ತುಂಬುತ್ತಿದ್ದ. ಇಳಿಸಿದ ಪ್ರತಿ ಸಲವೂ ಟೇಪಿನ ಸುಯ್ಯೆನ್ನುವ ಸದ್ದು ಹೆಚ್ಚುತ್ತದೆ, ದನಿಗಳ ಅಂಚು ಕರಗುತ್ತದೆ. ದೋಷವೆಂದು ಬೇರೆಯವರು ಅಳಿಸುತ್ತಿದ್ದ ಆ ಮಬ್ಬನ್ನು ಪೆರಿ ಉಳಿಸಿಕೊಂಡ. ಮೇಲೆ ಎಕೋ, ದನಿಯನ್ನು ಅಲೆಯಂತೆ ತೂಗಿಸುವ ಫೇಸರ್ ಬಳಸಿದ. ಅವನ ದಟ್ಟ ನಾದ ಹುಟ್ಟಿದ್ದು ಹೀಗೆ.

ಈಗ ಕೇಳೋಣ. ಮೊಬೈಲಿನ ಸ್ಪೀಕರ್ ಸಾಲದು, ಹೆಡ್‌ಫೋನ್ ಹಾಕಿಕೊಳ್ಳಿ. ಬೇಸ್ ಕಿವಿಗೆ ಬೀಳದಿದ್ದರೆ ಡಬ್ ಕೇಳಿದ ಹಾಗೇ ಅಲ್ಲ. ಮ್ಯಾಕ್ಸ್ ರೋಮಿಯೋ 1976ರಲ್ಲಿ ಪೆರಿಗಾಗಿ ಹಾಡಿದ ‘ಚೇಸ್ ದ ಡೆವಿಲ್’ ಅನ್ನು, ಬೇಸಿನ ನಡೆ ಬಾಯಿಗೆ ಬರುವ ತನಕ ಕೇಳಿ. ಆಮೇಲೆ ಅದೇ ವರ್ಷದ, ಪೆರಿಯದೇ ಆದ ‘ಸೂಪರ್ ಏಪ್’ ಆಲ್ಬಮ್ಮಿನ ‘ಕ್ರೋಕಿಂಗ್ ಲಿಝರ್ಡ್’ ಹಾಕಿ. ತಳಪಾಯ ಅದೇ. ರೋಮಿಯೋನ ಜಾಗದಲ್ಲಿ ಮಾತ್ರ ಪ್ರಿನ್ಸ್ ಜಾಜ್ಬೋ, ಹಾಡಿಗಿಂತ ಮಾತಿಗೆ ಹತ್ತಿರದ ಧಾಟಿಯಲ್ಲಿ. ಯಾವ ವಾದ್ಯ ಯಾವಾಗ ಹಿಂದೆ ಸರಿಯಿತು, ಯಾವ ದನಿ ಎಕೋದಲ್ಲಿ ಎಷ್ಟು ದೂರ ಹೋಯಿತು, ಗಮನಿಸಿ. ಕೀರ್ತನೆ ಬಲ್ಲವರಿಗೆ ನೆರವಲ್ ಹೆಚ್ಚು ರುಚಿಸುವ ಹಾಗೆ, ಮೊದಲ ಹಾಡು ಮನಸ್ಸಿನಲ್ಲಿ ಓಡುತ್ತಿದ್ದರೇ ಎರಡನೆಯದರಲ್ಲಿ ಪೆರಿ ಏನು ತೆಗೆದಿದ್ದಾನೆಂದು ತಿಳಿಯುವುದು.

ಬ್ಲ್ಯಾಕ್ ಆರ್ಕ್ ಮುಂದೆ ಬೆಂಕಿಗೆ ಆಹುತಿಯಾಯಿತು. 2021ರಲ್ಲಿ ಪೆರಿಯೂ ತೀರಿಕೊಂಡ. ಆ ಸ್ಟುಡಿಯೋದಲ್ಲಿ ತಯಾರಾದ, ಕಾಂಗೋಸ್ ತಂಡದ ‘ಹಾರ್ಟ್ ಆಫ್ ದ ಕಾಂಗೋಸ್’ (1977) ಆಲ್ಬಮ್ ನಿಮ್ಮ ಮುಂದಿನ ಮೆಟ್ಟಿಲಾಗಲಿ. ಅದರಲ್ಲಿ ಹಸುವಿನ ಅಂಬಾ ದನಿಯೂ ಇದೆ. ತಮಾಷೆಯೆಂದು ತಳ್ಳಬೇಡಿ; ತಂಡದ ಗಾಯಕ ಸೆಡ್ರಿಕ್ ಮೈಟನ್‌ನ ತಾರಸ್ಥಾಯಿಯ ಕಂಠಕ್ಕೆ ಅದು ಮಂದ್ರದಲ್ಲಿ ಹೇಗೆ ಜೊತೆಗೊಡುತ್ತದೆ ಕೇಳಿ.