ಮೋಟಾರು ಸೈಕಲ್ಲಿನ ಪ್ರವಾಸಕಥನ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಉದ್ಯೋಗದಲ್ಲಿರುವ ತರುಣರು ಮಿತ್ರನೊಬ್ಬನೊಡನೆ ಮೋಟಾರು ಸೈಕಲ್ಲನ್ನೇರಿ, ದಕ್ಷಿಣ ಯೂರೋಪಿನಲ್ಲಿ ಡೇರೆ ಹೂಡುತ್ತ ಸಂಚರಿಸಿ ಬಂದು ತಮ್ಮ ಅನುಭವವನ್ನು ಬರೆಯುವುದು ಸಂತೋಷದ ಸಂಗತಿಯೇ. ಆದರೆ ಇಂಥ ಕಥನಗಳಲ್ಲಿ ಒಂದು ಕೊರತೆಯು ಎದ್ದು ಕಾಣುವುದು. ಇಟಲಿಯ ಸ್ಟೆಲ್ವಿಯೋ ಘಾಟಿಯ ಎತ್ತರ 2,757 ಮೀಟರು, ಪ್ರಾತೋ ಕಡೆಯ ಏರಿನಲ್ಲಿ 48 ತಿರುವುಗಳು ಎಂಬ ಲೆಕ್ಕವೆಲ್ಲ ಬರುವುದು. ಜೊತೆಗೆ ಬಂದ ಮಿತ್ರನು ಮಾತ್ರ ಬಾರನು. (ಡೇರೆಯ ಗೂಟ ಬಡಿಯಲು ಒಬ್ಬನು ಬೇಕಾಗಿದ್ದನಷ್ಟೆ!)

ಕಾಳಿದಾಸನ ಯಕ್ಷನು, ದಾರಿ ಸುತ್ತಾದರೂ ಉಜ್ಜಯಿನಿಯನ್ನು ಕಂಡೇ ಮುಂದುವರಿಯೆಂದು ಮೇಘಕ್ಕೆ ಹೇಳುವನು. ಕಥನದ ಜೀವವು ಆ ಸುತ್ತಿನಲ್ಲಿದೆ. ಅರ್ಜೆಂಟೀನದ ಅರ್ನೆಸ್ಟೋ ಗೆವಾರನ ದಿನಚರಿಯನ್ನು ನೋಡಬಹುದು. ಅವನೂ ಮಿತ್ರ ಆಲ್ಬರ್ಟೋ ಗ್ರನಾಡೋನೂ ಏರಿ ಹೊರಟಿದ್ದ ನಾರ್ಟನ್ ವಾಹನವು 1952ರಲ್ಲಿ ಚಿಲಿ ದೇಶದಲ್ಲಿ ಕೆಟ್ಟು ನಿಂತಿತು. ಗ್ರಂಥಕ್ಕೆ ರಸಪುಷ್ಟಿ ಬರುವುದು ಅನಂತರವೇ. ಚುಕಿಕಮಾತದ ತಾಮ್ರದ ಗಣಿಯ ದಾರಿಯಲ್ಲಿ, ಮರುಭೂಮಿಯ ಚಳಿಯ ರಾತ್ರಿ, ಹೊದಿಕೆಯಿಲ್ಲದ ಕೂಲಿಕಾರ ದಂಪತಿಗಳಿಗೆ ಮಿತ್ರರು ತಮ್ಮದೊಂದು ಕಂಬಳಿಯನ್ನು ಕೊಟ್ಟು, ಉಳಿದೊಂದನ್ನು ತಾವಿಬ್ಬರೂ ಹೊದೆದರು.

ನಮ್ಮ ತರುಣರೂ ಒಂದು ರಾತ್ರಿ ಡೇರೆಯ ಹೊರಗೆ ಯಾರನ್ನಾದರೂ ಸಂಧಿಸಿಯೇ ಇದ್ದಾರು, ಅದನ್ನು ಬರೆಯಲಿ.