ಚೋಮನ ಸಾಲ, ಎಣ್ಮಕಜೆಯ ಮಗು

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ವಾಚನಾಲಯದಲ್ಲಿ ಅಂಬಿಕಾಸುತನ್ ಮಾಂಗಾಡ್ ಅವರ ‘ಎಣ್ಮಕಜೆ’ ಕಾದಂಬರಿಯ ಬಗ್ಗೆ ಮಾತಾಡಲಿಕ್ಕೆ ನನ್ನನ್ನು ಕೂರಿಸಿದರು. 2009ರಲ್ಲಿ ಮಲಯಾಳದಲ್ಲಿ ಬಂದ ಪುಸ್ತಕ. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಬಿಟ್ಟ ಎಂಡೋಸಲ್ಫಾನಿನ ಕಥೆ, ನಮ್ಮ ಪಂಚಾಯತಿನದ್ದೇ ಹೆಸರು. ನಾನು ಒಂದು ಗಂಟೆ ಮಾತಾಡಿದೆ. ಪುರಾಣದ ಹೆಸರುಗಳು ಹೇಗೆ ಬಂದಿವೆ, ಗುಹೆ ಹೇಗೆ ಮಾತಾಡುತ್ತದೆ ಎಂದೆಲ್ಲ ವಿವರಿಸಿದೆ. ಕೂತವರು ತಲೆಯಾಡಿಸಿದರು. ನನಗೂ ಸಮಾಧಾನವಾಯಿತು.

ಹಿಂದಿನ ಬೆಂಚಿನಲ್ಲಿ ನಮ್ಮ ಹಿತ್ತಿಲ ಆಚೆಯ ಮನೆಯ ಅಕ್ಕ ಕೂತಿದ್ದರು. ಭಾಷಣಕ್ಕೆ ಬಂದವರಲ್ಲ, ಮಳೆ ಬಿಡುವವರೆಗೆ ಒಳಗೆ ಬಂದವರು. ಎಲ್ಲ ಮುಗಿದ ಮೇಲೆ ಕೇಳಿದರು: “ಮಾಸ್ಟ್ರೇ, ಅವರು ಆ ಹುಣ್ಣಿನ ಮಗುವನ್ನು ಮನೆಗೆ ತಂದರು ಅಂತ ಹೇಳಿದಿರಲ್ಲ, ಮತ್ತೆ ಕೆಲಸಕ್ಕೆ ಹೋಗುವುದು ಯಾರು?”

“ಅವರು ಊರು ಬಿಟ್ಟು ಗುಡ್ಡದಲ್ಲಿ ಇರುವವರು ಅಕ್ಕ, ಕೂಲಿಗೆ ಹೋಗಲಿಕ್ಕೆ ಇಲ್ಲ” ಎಂದೆ.

“ಹಾಗಾದ್ರೆ ಅಡ್ಡಿಯಿಲ್ಲ” ಎಂದು ಅವರು ಕೊಡೆ ಬಿಡಿಸಿ ಹೊರಟರು.

ಒಂದು ಗಂಟೆ ಮಾತಾಡಿದ ನನಗೆ ಕಾಣದ್ದು ಅವರಿಗೆ ಕಂಡಿತ್ತು. ಮನೆಗೆ ಹೋಗಿ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಈ ಬರಹ ಅದರ ಫಲ.

ಕಾದಂಬರಿಯ ನೀಲಕಂಠನ್, ದೇವಯಾನಿ ಇಬ್ಬರೂ ಮನುಷ್ಯರ ಸಹವಾಸವೇ ಬೇಡವೆಂದು ಬಂದವರು. ಆ ಹೊತ್ತಿಗೆ ದೇವಯಾನಿ ಮೈಯೆಲ್ಲ ವ್ರಣವಾದ ಒಂದು ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಅಲ್ಲಿಂದ ಅವರ ಒಪ್ಪಂದ ಮುರಿಯುತ್ತದೆ, ಊರು ಒಳಗೆ ಬರುತ್ತದೆ, ಮನೆ ಮನೆಯ ಮಕ್ಕಳು ಕಣ್ಣಿಗೆ ಬೀಳುತ್ತಾರೆ. ಈ ಭಾಗ ಓದುವಾಗ ನನಗೆ ಉಸಿರು ಕಟ್ಟಿದ ಹಾಗಾಗಿತ್ತು, ಎರಡನೆಯ ಸಲವೂ ಹಾಗೆಯೇ ಆಯಿತು. ದೈವಶಾಪ ಎಂದು ನಾವು ಬಾಯಿ ಮುಚ್ಚಿಕೊಂಡಿದ್ದ ಸಂಗತಿಗೆ ವಿಷ ಎಂಬ ಹೆಸರನ್ನು ಕಾದಂಬರಿ ನೇರವಾಗಿ ಇಟ್ಟಿತು. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ತಲೆಯ ಮೇಲೆ ಸುರಿದದ್ದು ಅದು. ಊರಿನ ವೈದ್ಯರು, ಪತ್ರಕರ್ತರು ಮೊದಲೇ ಹೇಳಿದ್ದರು. ಆದರೆ ಕಾಞಂಗಾಡಿನ ಕಾಲೇಜಿನ ಒಬ್ಬ ಅಧ್ಯಾಪಕರು ಅದನ್ನು ಕಥೆ ಮಾಡಿದ ಮೇಲೆ ಕೇರಳದ ಆ ತುದಿಯವರೂ ನಮ್ಮ ಊರಿನ ಹೆಸರು ಕಲಿತರು. 2017ರಲ್ಲಿ ‘ಸ್ವರ್ಗ’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೂ ಹೋಯಿತು. ಇದು ಸಣ್ಣ ಕೆಲಸವಲ್ಲ.

ತಕರಾರು ಇರುವುದು ಬೇರೆ ಕಡೆ. ಮಗುವನ್ನು ಎತ್ತಿಕೊಳ್ಳುವ ಎರಡು ಕೈಗಳನ್ನು ಲೇಖಕರು ಮೊದಲೇ ಕೂಲಿಯ ಲೋಕದಿಂದ ಹೊರಗೆ ತಂದು ಕೂರಿಸಿದ್ದಾರೆ. ಆದ್ದರಿಂದ ಆ ಮಗುವಿನಿಂದ ಅವರ ಮನಸ್ಸಿಗೆ ಪೆಟ್ಟು ಬೀಳುತ್ತದೆ, ಸಂಬಂಧಕ್ಕೆ ಪೆಟ್ಟು ಬೀಳುತ್ತದೆ, ದಿನಗೂಲಿಗೆ ಬೀಳುವುದಿಲ್ಲ. ಎಣ್ಮಕಜೆಯ ನಿಜವಾದ ಮನೆಗಳಲ್ಲಿ ಮೊದಲು ಪೆಟ್ಟು ಬಿದ್ದದ್ದೇ ಅಲ್ಲಿಗೆ.

ಅಕ್ಕನ ಮನೆಯನ್ನೇ ಹೇಳುತ್ತೇನೆ, ಹೆಸರು ಬೇಡ. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಅಡಿಕೆ ಹೆಕ್ಕುವುದು, ಸುಲಿಯುವುದು, ಸೊಪ್ಪು ಗೊಬ್ಬರ ಹೊರುವುದು. ಹಿರಿಯ ಮಗ ಹುಟ್ಟಿದ ಮೇಲೆ ಅದು ನಿಂತಿತು. ಆ ಹುಡುಗ ಕೂರುವುದಿಲ್ಲ, ನಡೆಯುವುದಿಲ್ಲ, ಅನ್ನ ನುಂಗಿಸಬೇಕು, ಯಾವ ಹೊತ್ತಿಗೆ ಫಿಟ್ಸ್ ಬರುತ್ತದೆ ಎಂದು ಹೇಳಲಿಕ್ಕಿಲ್ಲ. ಅವನನ್ನು ಬಿಟ್ಟು ಅಂಗಳ ದಾಟುವ ಹಾಗಿಲ್ಲದವರಿಗೆ ನಮ್ಮ ಊರಿನಲ್ಲಿ ಇರುವುದು ಒಂದೇ ಕೆಲಸ, ಬೀಡಿ ಕಟ್ಟುವುದು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಎಲೆ ನೆನೆಸಿ, ಕತ್ತರಿಸಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಕಟ್ಟುವುದು. ಸಾವಿರಕ್ಕೆ ಇಷ್ಟು ಎಂದು ಲೆಕ್ಕ. ಕಟ್ಟು ಸಡಿಲವಾದ ಬೀಡಿಯನ್ನು ಅವರು ತೆಗೆದುಹಾಕುತ್ತಾರೆ, ಅದಕ್ಕೆ ದುಡ್ಡಿಲ್ಲ. ಹುಡುಗನಿಗೆ ಫಿಟ್ಸ್ ಬಂದ ದಿನ ಸಾವಿರ ಆಗುವುದಿಲ್ಲ, ಕೆಲವು ದಿನ ನೂರೂ ಆಗುವುದಿಲ್ಲ. ಹೊಗೆಸೊಪ್ಪಿನ ಹುಡಿ ಮೂಗಿಗೆ ಹೋಗಿ ಹೋಗಿ ಈಗ ಅವರಿಗೇ ಕೆಮ್ಮು ಹಿಡಿದಿದೆ. ಬೆನ್ನು ನೆಟ್ಟಗೆ ಮಾಡಲಿಕ್ಕೆ ಎರಡು ನಿಮಿಷ ಬೇಕು. ಮಗನ ರೋಗ ತಾಯಿಯ ಉದ್ಯೋಗವನ್ನು ಆರಿಸಿತು, ಆ ಉದ್ಯೋಗ ತಾಯಿಗೆ ಇನ್ನೊಂದು ರೋಗ ಕೊಟ್ಟಿತು. ಬೀಡಿ ಕಾರ್ಮಿಕರಿಗೆ 1966ರ ಕಾನೂನು ಇತ್ತು, 1976ರ ಕ್ಷೇಮನಿಧಿ ಕಾನೂನೂ ಉಂಟು. ಆ ಕಾನೂನುಗಳು ಬೀಡಿಯನ್ನು ಎಣಿಸಿದವು. ಕಟ್ಟಲಿಕ್ಕಾಗದೆ ಹೋದ ಬೀಡಿಯನ್ನು ಎಣಿಸುವ ಕಾನೂನು ಎಲ್ಲಿಯೂ ಇಲ್ಲ.

ಹೀಗೆ ಎಣಿಸಿದವರು ನಮ್ಮ ಸಾಹಿತ್ಯದಲ್ಲಿ ಯಾರೂ ಇಲ್ಲವೇ ಎಂದು ಯೋಚಿಸುವಾಗ ನೆನಪಿಗೆ ಬಂದದ್ದು 1933ರ ‘ಚೋಮನ ದುಡಿ’. ನಗಬೇಡಿ, ಎಲ್ಲರೂ ಓದಿದ ಪುಸ್ತಕವೇ. ನಾನೂ ಎಷ್ಟೋ ವರ್ಷ ಮಕ್ಕಳಿಗೆ ಅದರ ಕಥೆ ಹೇಳಿದ್ದೇನೆ. ಜಾತಿ, ಭೂಮಿಯ ಆಸೆ, ಕೊನೆಗೆ ದುಡಿಯ ಸದ್ದು. ಈ ಮೂರು ಹೇಳಿ ಕಣ್ಣಲ್ಲಿ ನೀರು ತರಿಸಿದರೆ ಪಾಠ ಮುಗಿಯಿತು ಎಂದುಕೊಂಡಿದ್ದೆ. ಆ ಮೂರೂ ದೊಡ್ಡ ವಿಷಯಗಳೇ, ಇಲ್ಲ ಎನ್ನುವುದಿಲ್ಲ. ಆದರೆ ಕಥೆಯ ನಡುಭಾಗವನ್ನು ನಡೆಸುವುದು ಒಂದು ಸಣ್ಣ ಸಾಲ. ಅದನ್ನು ತೀರಿಸಲಿಕ್ಕೆ ಚೋಮ ಇಬ್ಬರು ಗಂಡುಮಕ್ಕಳನ್ನು ಘಟ್ಟದ ಕಾಫಿತೋಟಕ್ಕೆ ಕಳಿಸುತ್ತಾನೆ. ಒಬ್ಬ ಕಾಯಿಲೆ ಬಿದ್ದು ಸಾಯುತ್ತಾನೆ. ಇನ್ನೊಬ್ಬ ಕ್ರಿಸ್ತರ ಹುಡುಗಿಯನ್ನು ಕಟ್ಟಿಕೊಂಡು ದೂರವಾಗುತ್ತಾನೆ. ಕೈಗಳು ಹೋದವು, ಸಾಲ ಉಳಿಯಿತು. ಆಗ ಘಟ್ಟ ಹತ್ತಬೇಕಾದವಳು ಬೆಳ್ಳಿ.

ಇಲ್ಲಿ ಕಾರಂತರ ಲೆಕ್ಕ ಎಷ್ಟು ಸರಿಯಾಗಿದೆ ನೋಡಿ. ಕಾಯಿಲೆ ಬಂದದ್ದು ಅಣ್ಣನಿಗೆ, ದುಡಿದು ತೀರಿಸುವುದು ತಂಗಿ. ಅವಳು ತೆತ್ತದ್ದು ಬರೀ ಕೂಲಿಯೂ ಅಲ್ಲ. ತೋಟದಲ್ಲಿ ಅವಳ ಮೈಯೇ ಸಾಲದ ಚೀಟಿಗೆ ಜಮೆಯಾಗುತ್ತದೆ. ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಚಿತ್ರದಲ್ಲಿ ಬೆಳ್ಳಿ ಮನೆಗೆ ಬಂದು ತಂದೆಯ ಹತ್ತಿರ ಜ್ವರ ಬಂತು, ಅದಕ್ಕೆ ಬಂದೆ ಎನ್ನುತ್ತಾಳೆ. ಚೋಮ ನಂಬುತ್ತಾನೆ. ಘಟ್ಟಕ್ಕೆ ಹೋದವರು ಚಳಿಜ್ವರ ಹಿಡಿದು ಇಳಿದು ಬರುವುದು ಅಷ್ಟು ಸಾಧಾರಣವಾಗಿದ್ದ ಕಾಲ ಅದು, ಬೇರೆ ಯಾವ ಸಂಕಟವನ್ನಾದರೂ ಆ ಒಂದು ಮಾತಿನ ಹಿಂದೆ ಅಡಗಿಸಿ ಇಡಬಹುದಿತ್ತು. ಈ ದೃಶ್ಯವನ್ನು ನಾನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಅದು ಬೆಳ್ಳಿಯ ಸುಳ್ಳು ಎಂದಷ್ಟೇ ಕಂಡಿತ್ತು. ಊರಿನ ಜ್ವರದ ಲೆಕ್ಕವೂ ಅದರಲ್ಲಿ ಉಂಟು ಎಂದು ಈಗ ಹೊಳೆಯುತ್ತದೆ.

ಇನ್ನೊಂದು ಮಾತು, ಇದನ್ನು ಹೇಳದೆ ಈ ವಿಮರ್ಶೆ ಬರೆಯುವ ಯೋಗ್ಯತೆ ನನಗಿಲ್ಲ. ಅಕ್ಕನ ಮಗಳು ನಮ್ಮ ಶಾಲೆಯಲ್ಲಿ ಐದನೆಯ ಕ್ಲಾಸಿನಲ್ಲಿದ್ದಳು. ವಾರಕ್ಕೆ ಎರಡು ದಿನ ತಪ್ಪದೆ ಗೈರುಹಾಜರಿ. ನಾನು ಎಲ್ಲರ ಎದುರಿಗೆ ನಿಲ್ಲಿಸಿ, “ನಿನಗೆ ಶಾಲೆ ಬೇಡವಾ?” ಎಂದು ಗದರಿಸಿದೆ. ಅವಳು ಉತ್ತರ ಕೊಡಲಿಲ್ಲ. ಆ ಎರಡು ದಿನ ತಾಯಿ ಬ್ರಾಂಚಿಗೆ ಬೀಡಿ ಕೊಡಲಿಕ್ಕೆ ಹೋಗುವ ದಿನ, ಅಣ್ಣನ ಹತ್ತಿರ ಕೂರಲಿಕ್ಕೆ ಬೇರೆ ಜನ ಇರಲಿಲ್ಲ. ಇದು ನನಗೆ ತಿಳಿದದ್ದು ಅವಳು ಶಾಲೆ ಬಿಟ್ಟು ಎಷ್ಟೋ ಸಮಯದ ಮೇಲೆ. ಕ್ಲಾಸಿನಲ್ಲಿ ಬೆಳ್ಳಿಯ ಕಥೆ ಹೇಳಿದ ಬಾಯಿಯೇ ಗದರಿಸಿದ್ದು. ಅದೇ ವರ್ಷ ನನಗೆ ಕಾಮಾಲೆ ಬಂದು ಒಂದೂವರೆ ತಿಂಗಳು ಮನೆಯಲ್ಲಿ ಮಲಗಿದ್ದೆ. ಡಾಕ್ಟರ ಸರ್ಟಿಫಿಕೇಟು ಕೊಟ್ಟೆ, ರಜೆ ಮಂಜೂರಾಯಿತು, ಸಂಬಳ ಬಂತು. ನನ್ನ ರೋಗಕ್ಕೆ ಕಾಗದ ಇತ್ತು. ಆ ಹುಡುಗಿಯದ್ದು ಹಾಜರಿ ಪುಸ್ತಕದಲ್ಲಿ ಬರೇ ಒಂದು ಗುರುತು.

ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ನೂರು ವರ್ಷ ಬಾಳಿ, ಗದ್ದೆಯಲ್ಲೂ ಶಾಲೆಯಲ್ಲೂ ದುಡಿದವರಿಗೆ ಒಪ್ಪುವ ಹೆಸರು. ಆದರೆ ಮಗನ ಮಂಚದ ಹತ್ತಿರ ಕೂತದ್ದನ್ನು ನಮ್ಮ ಊರಿನಲ್ಲಿ ಯಾರೂ ದುಡಿತ ಎನ್ನುವುದಿಲ್ಲ. “ಅವಳು ಈಗ ಕೆಲಸಕ್ಕೆ ಹೋಗುವುದಿಲ್ಲ, ಮನೆಯಲ್ಲೇ” ಎನ್ನುತ್ತಾರೆ. ಮಂಗಳೂರಿಗೋ ಕಾಸರಗೋಡಿಗೋ ಆಸ್ಪತ್ರೆಗೆ ಹೋದರೆ ಅದೇ ತಾಯಿ ‘ಬೈಸ್ಟ್ಯಾಂಡರ್’. ಹತ್ತಿರ ಸುಮ್ಮನೆ ನಿಂತವರು ಎಂಬ ಹಾಗೆ.

ಪರಿಹಾರ ಸಿಕ್ಕಿತಲ್ಲ ಎಂದು ಕೇಳುವವರು ಇದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟು ಪ್ರತಿ ಸಂತ್ರಸ್ತರಿಗೆ 5 ಲಕ್ಷ ಕೊಡಬೇಕೆಂದು ಹೇಳಿತು. ಹೋರಾಡಿ ಪಡೆದ ಹಣ, ಅದನ್ನು ಹಗುರ ಮಾಡುವುದಿಲ್ಲ. ಮೇಷ್ಟ್ರ ಬುದ್ಧಿ, ಒಂದು ಭಾಗಾಕಾರ ಮಾಡಿ ನೋಡಿದೆ. ಒಬ್ಬ ತಾಯಿ 20 ವರ್ಷ ಮಗುವಿನ ಹತ್ತಿರ ಕೂತರೆ, ವರ್ಷಕ್ಕೆ 300 ದಿನದ ಕೆಲಸ ತಪ್ಪಿತು ಎಂದು ಇಟ್ಟುಕೊಳ್ಳಿ. 6000 ದಿನ. 5 ಲಕ್ಷವನ್ನು ಪೂರಾ ಅವಳ ಕೈಗೇ ಕೊಟ್ಟರೂ, ಮದ್ದಿಗೆ ಒಂದು ಪೈಸೆ ಖರ್ಚು ಮಾಡದಿದ್ದರೂ, ದಿನಕ್ಕೆ 83 ರೂಪಾಯಿ. ರೋಗಿಗಳನ್ನು ನೋಡಿಕೊಳ್ಳುವವರಿಗೆಂದೇ ಇರುವ ‘ಆಶ್ವಾಸಕಿರಣ’ ಯೋಜನೆಯಲ್ಲಿ ತಿಂಗಳಿಗೆ 600 ಎಂದರೆ ದಿನಕ್ಕೆ 20. ಆದರೂ ಆ ಯೋಜನೆಯ ಬಗ್ಗೆ ನನಗೆ ಒಂದು ಗೌರವ ಉಂಟು. ಕೂತವರನ್ನೂ ಒಂದು ಲೆಕ್ಕಕ್ಕೆ ತೆಗೆದುಕೊಂಡ ಕಾಗದ ಅದು. ಕಾದಂಬರಿಗಿಂತ ಸರಕಾರದ ಫಾರಂ ಒಂದು ಹೆಜ್ಜೆ ಮುಂದೆ ಇದ್ದದ್ದು ನನಗೆ ನಾಚಿಕೆಯ ವಿಷಯ.

ಮಾಂಗಾಡರಿಗೆ ಅನ್ಯಾಯ ಮಾಡಿದೆನೋ ಎಂದೂ ಅನಿಸುತ್ತದೆ. ಕಾದಂಬರಿ ಎಂದರೆ ಅಂಗಡಿಯ ಲೆಕ್ಕದ ಪುಸ್ತಕವಲ್ಲ. ಆ ಹೊತ್ತಿಗೆ ವಿಷದ ಹೆಸರು ಹೇಳುವುದೇ ತುರ್ತಾಗಿತ್ತು. ಅದಕ್ಕೆ ಕಾಡು, ಗುಹೆ, ಪುರಾಣ ಎಲ್ಲವೂ ಬೇಕಾಗಿತ್ತು. ಅವರು ಗುಡ್ಡದ ಮೇಲಿನಿಂದ ಊರನ್ನು ಕಂಡರು, ಚೆನ್ನಾಗಿಯೇ ಕಂಡರು. ಅಂಗಳದಲ್ಲಿ ಮೊರ ಇಟ್ಟುಕೊಂಡು ಕೂತವರ ಕಡೆಯಿಂದ ಕಾಣುವ ಎಣ್ಮಕಜೆಯನ್ನು ಇನ್ನು ಯಾರಾದರೂ ಬರೆಯಬೇಕು. ಮಲಯಾಳದಲ್ಲೋ ಕನ್ನಡದಲ್ಲೋ ತುಳುವಿನಲ್ಲೋ, ಯಾವುದರಲ್ಲಾದರೂ ಸರಿ. ಕಾರಂತರ ಬಗ್ಗೆಯೂ ನನಗೆ ಒಂದು ಕೊರತೆ ಉಳಿದಿದೆ. ದುಡಿ ಚೋಮನ ಕೈಯಲ್ಲಿ ಇದ್ದದ್ದರಿಂದ ಕೊನೆಗೆ ನಮಗೆ ಕೇಳುವುದು ಅವನ ಸಂಕಟ. ಬೆಳ್ಳಿಯ ಕೈಯಲ್ಲಿ ಏನೂ ಇರಲಿಲ್ಲ.

ಅಕ್ಕನಿಗೆ ಓದು ಅಷ್ಟಾಗಿ ಬರುವುದಿಲ್ಲ. ಮಗಳು ಈಗ ಕುಂಬಳೆಯಲ್ಲಿ ಒಂದು ಜವಳಿ ಅಂಗಡಿಗೆ ಹೋಗುತ್ತಾಳೆ. ಹೋದ ತಿಂಗಳು ವಾಚನಾಲಯಕ್ಕೆ ಬಂದು ‘ಚೋಮನ ದುಡಿ’ ಕೇಳಿದಳು. ನಾನು ರಿಜಿಸ್ತ್ರಿಯಲ್ಲಿ ಹೆಸರು ಬರೆದುಕೊಟ್ಟೆ, ಮುಖ ಎತ್ತಿ ನೋಡಲಿಕ್ಕೆ ಸ್ವಲ್ಪ ಕಷ್ಟವಾಯಿತು. ಭಾನುವಾರ ತಾಯಿ ಬೀಡಿ ಕಟ್ಟುವಾಗ ಅವಳು ಗಟ್ಟಿಯಾಗಿ ಓದುತ್ತಾಳಂತೆ. ಅಣ್ಣನೂ ಕೇಳುತ್ತಾ ಮಲಗಿರುತ್ತಾನೆ, ದುಡಿ ಎಂಬ ಶಬ್ದ ಬಂದಾಗ ನಗುತ್ತಾನಂತೆ. ಪುಸ್ತಕ ವಾಪಸು ಕೊಡುವ ದಿನ ದಾಟಿತು. ಬೆಳ್ಳಿ ಘಟ್ಟಕ್ಕೆ ಹೊರಡುವಲ್ಲಿಗೆ ಬಂದಿದೆ, ಇನ್ನೂ ಎರಡು ವಾರ ಬೇಕು ಎಂದು ಅಕ್ಕ ಹೇಳಿ ಕಳಿಸಿದ್ದಾರೆ.