ಸಹಿ ಹಾಕಿದ ಪ್ಯಾಂಟು

ತಂಗಿಯ ಮಗ ವೇಲ್ಸಿನಿಂದ ಉಟ್ಟುಬಂದ ಜೀನ್ಸನ್ನು ನಾನು ಅಭ್ಯಾಸಬಲದಿಂದ ಬಕೆಟ್ಟಿಗೆ ಹಾಕಹೊರಟೆ. "ದೊಡ್ಡಮ್ಮಾ, ಬೇಡ! ಆರು ತಿಂಗಳು ಒಗೀಬಾರದು" ಎಂದು ಓಡಿಬಂದ. ನಾಲ್ಕು ತಿಂಗಳಾಗಿತ್ತಂತೆ. ಮಡಿ-ಮೈಲಿಗೆ ಬಿಟ್ಟು ಎಷ್ಟೋ ಕಾಲವಾದರೂ ನನ್ನ ಮೂಗು ತಾನಾಗಿ ಮುದುಡಿತು.

ಒಳಮಗ್ಗುಲಲ್ಲಿ ಹೊಲಿದವರ ಸಹಿಯಿತ್ತು. ಉತ್ತರಪತ್ರಿಕೆಗಳಿಗೆ ಸಹಿ ಹಾಕುತ್ತಲೇ ಮುದುಕಿಯಾದ ನನಗೆ ಅದು ಹಿಡಿಸಿತು.

ಹ್ಯೂಟ್ ಡೆನಿಮ್ ಎಂಬ ಸಣ್ಣ ಕಂಪನಿಯದು ಅದು, ಊರು ಕಾರ್ಡಿಗನ್. ಸುಮಾರು 4,000 ಜನರ ಆ ಊರಿನ ಹಳೆಯ ಕಾರ್ಖಾನೆ ವಾರಕ್ಕೆ 35,000 ಜೀನ್ಸ್ ಹೊಲಿಯುತ್ತಿತ್ತು. 2002ರಲ್ಲಿ ಅದು ಮುಚ್ಚಿ, ಕೆಲಸ ಮೊರಾಕ್ಕೋ ಪಾಲಾಗಿ, 400 ಮಂದಿ ಬರಿಗೈಯಾದರು. ಸುಮಾರು ಹತ್ತು ವರ್ಷದ ಮೇಲೆ ಡೇವಿಡ್ ಮತ್ತು ಕ್ಲೇರ್ ಹಿಯಟ್ ದಂಪತಿ ಆ ಪಳಗಿದ ಕೈಗಳಲ್ಲಿ ಕೆಲವನ್ನು ಕೂಡಿಸಿಕೊಂಡು ಈ ಕಂಪನಿ ಕಟ್ಟಿದರು. ಹೊಲಿಯುವವರಿಗೆ ಅಲ್ಲಿ 'ಗ್ರ್ಯಾಂಡ್ ಮಾಸ್ಟರ್' ಎಂಬ ಬಿರುದು, ಚದುರಂಗದವರ ಹಾಗೆ!

ಒಗೆಯದಿರುವುದರಲ್ಲಿ ಅರ್ಥವಿಲ್ಲದೆ ಇಲ್ಲ. ಡೆನಿಮ್ಮಿನ ಉದ್ದನೆಳೆಯನ್ನು ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿದರೂ ಬಣ್ಣ ಮೇಲ್ಮೈಯಲ್ಲೇ ನಿಲ್ಲುತ್ತದೆ, ಒಳತಿರುಳು ಬಿಳಿಯಾಗಿಯೇ ಇರುತ್ತದೆ. ಉಟ್ಟಂತೆ ಮೊಣಕಾಲು, ಜೇಬಿನಂಚು ಸವೆದು ಆ ಬಿಳುಪು ಇಣುಕುತ್ತದೆ. ಅಂಗಡಿಯ ಜೀನ್ಸಿಗೆ ಈ ಸವೆತವನ್ನು ಮೊದಲೇ ಕಲ್ಲು, ರಾಸಾಯನಿಕ ಹಾಕಿ ತೊಳೆದು ತರಿಸುತ್ತಾರೆ. ನಮ್ಮ ಬಳ್ಳಾರಿಯ ಜೀನ್ಸ್ ಘಟಕಗಳಿಗೂ ಆ ತೊಳೆದ ನೀರೇ ತಲೆನೋವು. ಅಷ್ಟರಮಟ್ಟಿಗೆ ಹುಡುಗನ ಹಟ ಒಪ್ಪಿದೆ. ಆದರೆ ಕಾರ್ಡಿಗನ್ನಿನ ಚಳಿ ಬೇರೆ, ನಮ್ಮ ಏಪ್ರಿಲ್ಲೇ ಬೇರೆ.

ನನ್ನ ತಕರಾರು ಸಹಿಯ ಬಗ್ಗೆ. ಬಟ್ಟೆ ಬಂದದ್ದು ಟರ್ಕಿ, ಜಪಾನುಗಳ ಮಗ್ಗಗಳಿಂದ. ನೇಯ್ದವರ ಹೆಸರು ಅಲ್ಲಿಲ್ಲ, ಹತ್ತಿ ಬಿಡಿಸಿದವಳದಂತೂ ಇಲ್ಲವೇ ಇಲ್ಲ. ಬೆಲೆ ನೂರು ಪೌಂಡಿಗೆ ಮೇಲೆ; ಅಷ್ಟು ಕೊಡಬಲ್ಲವರು ಎಷ್ಟು ಮಂದಿ? 2018ರಲ್ಲಿ ಮೇಗನ್ ಮಾರ್ಕಲ್ ತೊಟ್ಟ ಮೇಲೆ ಬೇಡಿಕೆ ಸಾಲುಗಟ್ಟಿತು, ನಿಜ. ಆದರೂ ಕೆಲಸ ಕಳೆದುಕೊಂಡ ಆ 400 ಮಂದಿಗೆ ಅದು ಅನ್ನವಾಗಲಿಲ್ಲ. ಕಥೆ ಚೆನ್ನಾಗಿದೆ ಎಂದು ಲೆಕ್ಕ ಮರೆಯಲಾದೀತೆ?

ನನಗೆ ನಿಜವಾಗಿ ಮೆಚ್ಚಿಗೆಯಾದದ್ದು, ಹರಿದರೆ ಬಿಟ್ಟಿಯಾಗಿ ಹೊಲಿದುಕೊಡುತ್ತೇವೆಂಬ ಅವರ ಮಾತು. ತನ್ನ ಕೆಲಸ ತನ್ನ ಬಳಿಗೇ ಮರಳಿ ಬರುತ್ತದೆಂದು ಗೊತ್ತಿದ್ದವನು ಮೂಲೆಯ ಹೊಲಿಗೆಯನ್ನೂ ಕಳ್ಳತನದಲ್ಲಿ ಮುಗಿಸುವುದಿಲ್ಲ.

ನಮ್ಮ ಬೀದಿಯ ಹೊಲಿಗೆಯವಳಿಗೆ ತೋರಿಸಿದೆ. ಒಳಮಗ್ಗುಲು ತಿರುವಿ, ಮಡಚಿ ಹಾಕಿದ ಜೋಡಿಹೊಲಿಗೆಯ ಮೇಲೆ ಉಗುರಾಡಿಸಿ, "ಕೈ ಚೆನ್ನಾಗೈತೆ ಟೀಚರಮ್ಮ" ಎಂದಳು. ಆಮೇಲೆ ಸಹಿ ನೋಡಿ ಕೇಳಿದಳು: "ಹೆಸರು ಬರೆದ್ರೆ ಕೂಲಿ ಜಾಸ್ತಿ ಕೊಡ್ತಾರಾ?"